ನಿಮಗಿದು ಗೊತ್ತೇ? ಮದ್ದೂರು ಗೇಟಿನಿಂದ ಅಡಿಲೇಡ್‌ವರೆಗೆ ನರ್ಸ್‌ಗಳ ದಾರಿ

● ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವಾಗ ಬಂಡೀಪುರದ ಕಾಡು ಶುರುವಾಗುವ ಕಡೆ ಮದ್ದೂರು ಚೆಕ್‌ಪೋಸ್ಟ್ ಸಿಗುತ್ತದೆ. ವಡೆಯ ಮದ್ದೂರು ಮಂಡ್ಯ ಜಿಲ್ಲೆಯದು, ಇದು ಬೇರೆ. ರಾಷ್ಟ್ರೀಯ ಹೆದ್ದಾರಿ 766ರ ಈ ಗೇಟು ರಾತ್ರಿ 9ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಕಾಡುಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುವುದನ್ನು ತಡೆಯಲೆಂದು 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ಹೊರಡಿಸಿದ ಆದೇಶ ಇದು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾತ್ರಿ ಇಲ್ಲಿ ದಾಟಬಹುದಾದವು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳು ಮತ್ತು ಆಂಬುಲೆನ್ಸ್‌ನಂಥ ತುರ್ತು ವಾಹನಗಳು. ಉಳಿದವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಸುತ್ತು ಹಾಕಬೇಕು.

ಹಗಲಲ್ಲಿ ಈ ಗೇಟಿನಲ್ಲಿ ನಿಂತರೆ ಒಂದು ವಿನಿಮಯ ಕಾಣುತ್ತದೆ. ಗುಂಡ್ಲುಪೇಟೆಯ ತರಕಾರಿ, ಚೆಂಡುಹೂವು ಲಾರಿಗಳಲ್ಲಿ ಅತ್ತ ಕೇರಳಕ್ಕೆ ಹೋಗುತ್ತವೆ. ಅತ್ತಲಿಂದ ಬರುವ ಬಸ್ಸುಗಳಲ್ಲಿ ಮೈಸೂರು, ಬೆಂಗಳೂರಿನ ಕಾಲೇಜುಗಳಿಗೆ ಬಿಎಸ್ಸಿ ನರ್ಸಿಂಗ್ ಓದಲು ಹೊರಟ ಮಕ್ಕಳಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ಬೆಂಗಳೂರು ಬರೀ ಮೊದಲ ನಿಲ್ದಾಣ. ಮುಂದೆ ಲಂಡನ್ ಇದೆ, ಡಬ್ಲಿನ್ ಇದೆ, ಕೊನೆಗೆ ಅಡಿಲೇಡ್, ಪರ್ತ್, ಮೆಲ್ಬರ್ನ್ ಇವೆ. ನಮ್ಮ ಚಾಮರಾಜನಗರದ ಹುಡುಗ ಹುಡುಗಿಯರೂ ಈಗ ಅದೇ ಕ್ಯೂನಲ್ಲಿದ್ದಾರೆ.

● ಆ ಕ್ಯೂನ ಮುಂಭಾಗದಲ್ಲಿ ಇರುವವರು ಯಾರು ಗೊತ್ತೇ? ಬ್ರಿಟಿಷ್ ನರ್ಸ್‌ಗಳು! ಇಂಗ್ಲೆಂಡಿನ ಚಳಿ, ಮಳೆ, ವಾರ್ಡಿನ ಒತ್ತಡ ಸಾಕಾಗಿ ಬಿಸಿಲಿನ ದೇಶಕ್ಕೆ ಹೊರಡುವುದು ಅವರಲ್ಲಿ ಹಳೆಯ ರೂಢಿ. ಅವರು ಬಿಟ್ಟುಹೋದ ಪಾಳಿ ತುಂಬಲು ಬ್ರಿಟನ್ ನಮ್ಮವರನ್ನು ಕರೆಯುತ್ತದೆ. ಅಲ್ಲಿನ ನರ್ಸಿಂಗ್ ನೋಂದಣಿ ಪಟ್ಟಿಯಲ್ಲಿರುವ ಹೊರದೇಶದವರ ಪೈಕಿ ಈಗ ಅತಿ ಹೆಚ್ಚು ಮಂದಿ ಭಾರತದಲ್ಲಿ ಕಲಿತವರು. ಮೊದಲು ಆ ಸ್ಥಾನ ಫಿಲಿಪ್ಪೀನ್ಸ್‌ನದಾಗಿತ್ತು.

● ಆ ರೂಢಿ ಎಷ್ಟು ಹಳೆಯದು ಎಂದರೆ 1868ರಷ್ಟು. ನ್ಯೂ ಸೌತ್ ವೇಲ್ಸ್‌ನ ರಾಜಕಾರಣಿ ಹೆನ್ರಿ ಪಾರ್ಕ್ಸ್, ತರಬೇತಾದ ನರ್ಸ್‌ಗಳನ್ನು ಕಳಿಸಿಕೊಡಿ ಎಂದು ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಕೇಳಿಕೊಂಡರು. ಲೂಸಿ ಆಸ್‌ಬರ್ನ್ ಎಂಬಾಕೆಯ ಮುಂದಾಳತ್ವದಲ್ಲಿ ಐವರು ನರ್ಸ್‌ಗಳು ಹಡಗು ಹತ್ತಿ ಆ ವರ್ಷ ಮಾರ್ಚ್ 5ರಂದು ಸಿಡ್ನಿಯಲ್ಲಿ ಇಳಿದರು.

ಪೆಟ್ಟಿಗೆ ಬಿಚ್ಚಿ ವಾರ ಕಳೆದಿತ್ತೋ ಇಲ್ಲವೋ, ಮಾರ್ಚ್ 12ರಂದು ಸಿಡ್ನಿ ಹತ್ತಿರದ ಕ್ಲಾಂಟಾರ್ಫ್ ಎಂಬಲ್ಲಿ ವಿಕ್ಟೋರಿಯಾ ರಾಣಿಯ ಎರಡನೇ ಮಗ ಪ್ರಿನ್ಸ್ ಆಲ್‌ಫ್ರೆಡ್‌ಗೆ ಗುಂಡು ತಗುಲಿತು. ಬದುಕಿದ. ಆತನ ಶುಶ್ರೂಷೆಗೆ ನಿಂತವರು ಆಗಷ್ಟೇ ಬಂದಿಳಿದ ಈ ನರ್ಸ್‌ಗಳೇ. ಹೊಸ ನೌಕರಿಗೆ ಇದಕ್ಕಿಂತ ದೊಡ್ಡ ಪ್ರಚಾರ ಬೇಕೇ?

ರಾಜಕುಮಾರ ಗುಣವಾಗಿ ಹೊರಟ ಮೇಲೆ ಉಳಿದದ್ದು, ಅವರು ಕೆಲಸಕ್ಕೆ ಸೇರಿದ ಆಸ್ಪತ್ರೆ ಸಿಡ್ನಿ ಇನ್‌ಫರ್ಮರಿಯ ನಿಜರೂಪ. ಗೋಡೆಯಲ್ಲಿ ತಿಗಣೆ, ಅಡುಗೆಮನೆಯಲ್ಲಿ ಕೊಳಕು, ನೆಟ್ಟಗೊಂದು ಚರಂಡಿ ಇಲ್ಲ. ಜೊತೆಗೆ ಹೆಂಗಸೊಬ್ಬಳು ತಮಗೆ ಹೇಳುವುದೇನು ಎಂಬ ವೈದ್ಯರ ಬಿಗುಮಾನ. ಬೈಬಲ್ ಸುಟ್ಟಳು ಎಂಬ ಆರೋಪವನ್ನೂ ಲೂಸಿಯ ಮೇಲೆ ಹೊರಿಸಿದರು, ವಿಚಾರಣೆಯಲ್ಲಿ ಅದು ನಿಲ್ಲಲಿಲ್ಲ. ಆಕೆ 1884ರವರೆಗೆ ಅಲ್ಲೇ ದುಡಿದು ಆಸ್ಟ್ರೇಲಿಯಾದ ನರ್ಸಿಂಗ್‌ಗೆ ಬುನಾದಿ ಹಾಕಿದರು. ಸಿಡ್ನಿಯ ಮ್ಯಾಕ್ವಾರಿ ಬೀದಿಯ ಆಸ್ಪತ್ರೆ ಆವರಣದಲ್ಲಿ ನೈಟಿಂಗೇಲ್ ವಿಂಗ್ ಎಂಬ ಕಟ್ಟಡ ಇವತ್ತಿಗೂ ಇದೆ.

● ನೈಟಿಂಗೇಲ್ ಒಮ್ಮೆಯೂ ಭಾರತಕ್ಕೆ ಬಂದವರಲ್ಲ. ಆದರೂ ನಮ್ಮ ಹಲಸೂರು ಕೆರೆಯ ವಿಚಾರ ಅವರಿಗೆ ಗೊತ್ತಿತ್ತು. 1863ರ ರಾಯಲ್ ಕಮಿಷನ್ ವರದಿಗೆ ಸೇನಾ ಠಾಣ್ಯಗಳಿಂದ ಬಂದ ಉತ್ತರಗಳನ್ನೆಲ್ಲ ಓದಿ, ಬೆಂಗಳೂರು ಪೇಟೆಯ ಕೊಳಚೆ ಹರಿದು ಸೇರುವ ಕೆರೆಯ ನೀರನ್ನೇ ಜನ ಕುಡಿಯುತ್ತಾರೆ ಎಂದು ಎತ್ತಿ ತೋರಿಸಿದರು. ಒಂದೂವರೆ ಶತಮಾನ ದಾಟಿದೆ, ಬೆಂಗಳೂರಿನ ಕೆರೆಗಳ ಮೇಲೆ ಅದೇ ದೂರು ಈಗಲೂ ಇದೆ.

● ಭಾರತದ ಬ್ರಿಟಿಷ್ ಸೇನಾ ಆಸ್ಪತ್ರೆಗಳಿಗೆಂದು ತರಬೇತಾದ ನರ್ಸ್‌ಗಳ ಮೊದಲ ತಂಡ ಮುಂಬಯಿಯಲ್ಲಿ ಇಳಿದದ್ದು 1888ರಲ್ಲಿ. ಅವರ ಸಂಖ್ಯೆ ಹತ್ತು. ಮುಂದಾಳುಗಳಲ್ಲಿ ಒಬ್ಬರು ಕ್ಯಾಥರೀನ್ ಲಾಕ್.

● ಆಸ್ಟ್ರೇಲಿಯಾದವರೂ ಇತ್ತ ಬಂದಿದ್ದಾರೆ. ಮೊದಲ ಮಹಾಯುದ್ಧದಲ್ಲಿ, 1916ರಿಂದ ಮುಂದೆ, ಐನೂರಕ್ಕೂ ಹೆಚ್ಚು ಆಸ್ಟ್ರೇಲಿಯನ್ ಸೇನಾ ನರ್ಸ್‌ಗಳು ಭಾರತದ ಆಸ್ಪತ್ರೆಗಳಲ್ಲಿ ದುಡಿದರು. ಗಾಯಾಳುಗಳಿಗಿಂತ ಅವರನ್ನು ಹೆಚ್ಚು ಕಾಡಿದ್ದು ಮಲೇರಿಯಾ, ಕಾಲರಾ ಮತ್ತು ನಮ್ಮ ಬೇಸಿಗೆ. ಇತ್ತೀಚಿನ ಹೆಸರು ಬೇಕಿದ್ದರೆ ಒಡಿಶಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿ 2005ರಲ್ಲಿ ಪದ್ಮಶ್ರೀ ಪಡೆದ ಗ್ಲಾಡಿಸ್ ಸ್ಟೇನ್ಸ್. ಆಕೆ ಕ್ವೀನ್ಸ್‌ಲ್ಯಾಂಡಿನ ನರ್ಸ್.

● ಹತ್ತು ಪೌಂಡಿಗೆ ಒಂದು ಖಂಡ! ಎರಡನೇ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾ ಬ್ರಿಟಿಷರಿಗೆ ಕೊಟ್ಟ ಕೊಡುಗೆ ಇದು. ಹಡಗಿನ ಟಿಕೆಟ್ ಹತ್ತು ಪೌಂಡ್, ಉಳಿದ ಖರ್ಚು ಸರ್ಕಾರದ್ದು. ಹತ್ತು ಲಕ್ಷಕ್ಕೂ ಹೆಚ್ಚು ಬ್ರಿಟಿಷರು ಹಾಗೆ ಹೋದರು.

1966ರಲ್ಲಿ ವೇಲ್ಸ್‌ನಿಂದ ಹೊರಟ ಒಂದು ಕುಟುಂಬಕ್ಕಿದ್ದ ಕಾರಣ, ಮಗಳ ಎದೆರೋಗಕ್ಕೆ ಬೆಚ್ಚಗಿನ ಹವೆ ಒಳ್ಳೆಯದು ಎಂಬ ವೈದ್ಯರ ಸಲಹೆ. ಅಡಿಲೇಡ್ ಸೇರಿದ ಮೇಲೆ ತಂದೆ ಜಾನ್ ಗಿಲಾರ್ಡ್ ಹೊಸದಾಗಿ ತರಬೇತಿ ಪಡೆದು ಮನೋರೋಗಿಗಳ ನರ್ಸ್ ಆದರು. ಆ ಮಗಳು ಜೂಲಿಯಾ 2010ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯಾದಳು. ನರ್ಸಿಂಗ್ ಹೆಂಗಸರ ಕೆಲಸ ಎಂದು ಮೂಗು ಮುರಿಯುವ ಗಂಡುಮಕ್ಕಳು ಈ ಸಂಗತಿಯನ್ನು ಒಮ್ಮೆ ಓದಿಕೊಳ್ಳಲಿ.

● ಮನೋರೋಗಿಗಳ ಶುಶ್ರೂಷೆಗೆ ವಿಶೇಷ ಡಿಪ್ಲೊಮಾ ನಮ್ಮ ಬೆಂಗಳೂರಿನಲ್ಲಿ 1950ರ ದಶಕದಲ್ಲೇ ಇತ್ತು. ಇವತ್ತಿನ ನಿಮ್ಹಾನ್ಸ್ ಆಗ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ.

● 2021ರ ಆಸ್ಟ್ರೇಲಿಯಾ ಜನಗಣತಿಯಲ್ಲಿ ಹೊರದೇಶದಲ್ಲಿ ಹುಟ್ಟಿದವರ ಪಟ್ಟಿಯ ತಲೆಯಲ್ಲಿದ್ದವರು ಇಂಗ್ಲೆಂಡಿನವರು, ಸುಮಾರು 9.27 ಲಕ್ಷ. ಎರಡನೆಯ ಸ್ಥಾನ 6.73 ಲಕ್ಷದೊಂದಿಗೆ ಭಾರತದ್ದು. ಅದಕ್ಕೆ ಮುಂಚೆ ನಾವು ಚೀನಾದ ಹಿಂದಿದ್ದೆವು.

● ನರ್ಸ್‌ಗಳ ಹೆಸರನ್ನು ಸರ್ಕಾರಿ ರಿಜಿಸ್ಟರಿನಲ್ಲಿ ಬರೆಯಬೇಕೆಂದು ಪ್ರತ್ಯೇಕ ಕಾನೂನು ಮಾಡಿದ ಮೊದಲ ದೇಶ ನ್ಯೂಜಿಲೆಂಡ್, 1901ರಲ್ಲಿ. ಸಾಮ್ರಾಜ್ಯದ ಯಜಮಾನ ಬ್ರಿಟನ್ನಿಗೆ ಅದು ಹೊಳೆದದ್ದು 1919ರಲ್ಲಿ. ಭಾರತದಲ್ಲಿ ಮದ್ರಾಸ್ ಪ್ರಾಂತ್ಯ 1926ರಲ್ಲಿ ಕಾನೂನು ತಂದಿತು. ಇಲ್ಲಿ ನಮ್ಮ ಜಿಲ್ಲೆಯ ಒಂದು ತಮಾಷೆ ಇದೆ. ಕೊಳ್ಳೇಗಾಲ ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಗುಂಡ್ಲುಪೇಟೆ ಮೈಸೂರು ಸಂಸ್ಥಾನದಲ್ಲಿತ್ತು. ಹಾಗಾಗಿ ಇವತ್ತು ಒಂದೇ ಜಿಲ್ಲೆಯಲ್ಲಿರುವ ಎರಡು ತಾಲ್ಲೂಕುಗಳ ನರ್ಸ್‌ಗಳು 1956ರವರೆಗೆ ಎರಡು ಬೇರೆ ಬೇರೆ ರಾಜ್ಯಗಳ ಲೆಕ್ಕಕ್ಕೆ ಸೇರಿದ್ದರು.

● ಮೈಸೂರಿನ ಹಳಬರು ಬರೀ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಶುರುವಾದದ್ದು 1906ರಲ್ಲಿ, ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಅವರ ನೆನಪಿಗೆ. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು, ಮಂಗಳೂರಿನ ಫಾದರ್ ಮುಲ್ಲರ್ 1880ರದು. ಗುಂಡ್ಲುಪೇಟೆ, ನಂಜನಗೂಡು ಕಡೆಯ ಎಷ್ಟೋ ಮನೆಗಳಲ್ಲಿ ಹೆರಿಗೆಯ ನೆನಪು ಈಗಲೂ ಆ ಮಿಷನ್ ಆಸ್ಪತ್ರೆಯ ಸಿಸ್ಟರ್‌ಗಳ ನೆನಪೇ. ಅಂದು ಇಂಗ್ಲೆಂಡಿನಿಂದ ನರ್ಸ್‌ಗಳು ಮೈಸೂರಿಗೆ ಬಂದು ಕಲಿಸಿದರು, ಇಂದು ಮೈಸೂರಿನಲ್ಲಿ ಕಲಿತವರು ಇಂಗ್ಲೆಂಡಿನ ವಾರ್ಡು ನಡೆಸುತ್ತಾರೆ.

● ನರ್ಸ್ ಅಲ್ಲದವರು ಆಸ್ಟ್ರೇಲಿಯಾದಲ್ಲಿ ತಮ್ಮನ್ನು ನರ್ಸ್ ಎಂದು ಕರೆದುಕೊಂಡರೆ 60,000 ಡಾಲರ್‌ವರೆಗೆ ದಂಡ, ಮೂರು ವರ್ಷದವರೆಗೆ ಜೈಲು. ಅಲ್ಲಿ ಆ ಹೆಸರಿಗೇ ಕಾನೂನಿನ ಕಾವಲಿದೆ. ಬ್ರಿಟನ್ನಿನಲ್ಲಿ ಬಹುಕಾಲ ‘ನೋಂದಾಯಿತ ನರ್ಸ್’ ಎಂಬುದಕ್ಕೆ ಮಾತ್ರ ಈ ರಕ್ಷಣೆ ಇತ್ತು, ಬರೀ ‘ನರ್ಸ್’ ಎಂದು ಬೋರ್ಡು ಹಾಕಿಕೊಂಡರೆ ಕೇಳುವವರಿರಲಿಲ್ಲ. ನಮ್ಮಲ್ಲೋ? ಎರಡು ತಿಂಗಳ ಕೋರ್ಸು ಮುಗಿಸಿ ಬಿಳಿ ಕೋಟು ಹಾಕಿದವರೂ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಿಸ್ಟರೇ.

● ಆಸ್ಟ್ರೇಲಿಯಾದಲ್ಲಿ ಮೊದಲು ಪ್ರತಿ ರಾಜ್ಯಕ್ಕೂ ಬೇರೆ ಬೇರೆ ನರ್ಸಿಂಗ್ ಮಂಡಳಿ ಇತ್ತು. 2010ರಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ರಾಷ್ಟ್ರೀಯ ನೋಂದಣಿ ಮಾಡಿದರು. ಅದನ್ನು ನಡೆಸುವ ಸಂಸ್ಥೆಯನ್ನು ಎಲ್ಲರೂ ‘ಅಪ್ರಾ’ ಎನ್ನುತ್ತಾರೆ. ನಮ್ಮ ಹಾಸ್ಟೆಲುಗಳಲ್ಲಿ ಹಲ್ಲುಜ್ಜುವ ಮುಂಚೆ ಕೇಳಿಬರುವ ಹೆಸರು ಇದು. ನೋಂದಣಿಯನ್ನು ಪ್ರತಿ ವರ್ಷ ನವೀಕರಿಸಬೇಕು, ವರ್ಷಕ್ಕೆ 20 ಗಂಟೆಯಾದರೂ ಹೊಸದನ್ನು ಕಲಿತಿರಬೇಕು, ಐದು ವರ್ಷದಲ್ಲಿ 450 ಗಂಟೆಯಾದರೂ ಕೆಲಸ ಮಾಡಿರಬೇಕು. ರೋಗಿಯೂ ಕುಳಿತಲ್ಲೇ ತನ್ನ ನರ್ಸ್ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಅಂತರ್ಜಾಲದಲ್ಲಿ ನೋಡಬಹುದು.

● ಜಿಎನ್‌ಎಂ ಡಿಪ್ಲೊಮಾ ಒಂದನ್ನೇ ಹಿಡಿದು ಆಸ್ಟ್ರೇಲಿಯಾದ ಬಾಗಿಲು ತಟ್ಟಿದರೆ ಕಷ್ಟ. ಅಲ್ಲಿ ನೋಂದಾಯಿತ ನರ್ಸ್ ಆಗಲು ಪದವಿ ಮಟ್ಟದ ಓದು ಬೇಕು. ಅದಕ್ಕೇ ನಮ್ಮಲ್ಲಿ ಜಿಎನ್‌ಎಂ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಗೆ ಸೇರುವುದು.

● ನರ್ಸ್, ಡಾಕ್ಟರ್‌ಗಳಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಹುಟ್ಟಿದ್ದು ಎಲ್ಲಿ? ಇಂಗ್ಲೆಂಡಿನಲ್ಲಲ್ಲ, ಆಸ್ಟ್ರೇಲಿಯಾದಲ್ಲಿ. 1980ರ ದಶಕದಲ್ಲಿ ಮೆಲ್ಬರ್ನ್‌ನ ಭಾಷಾತಜ್ಞ ಟಿಮ್ ಮ್ಯಾಕ್‌ನಮಾರಾ ಅದನ್ನು ರೂಪಿಸಿದರು. ರೋಗಿಯನ್ನು ಮಾತಾಡಿಸುವ ಅಭಿನಯ, ಇನ್ನೊಂದು ಆಸ್ಪತ್ರೆಗೆ ಬರೆಯುವ ಪತ್ರ, ಹೀಗೆ ಕೆಲಸಕ್ಕೆ ಬೇಕಾದ್ದನ್ನೇ ಅದು ಕೇಳುತ್ತದೆ. 2017ರಿಂದ ಬ್ರಿಟನ್ನೂ ಅದನ್ನು ಒಪ್ಪಿಕೊಂಡಿತು. ಕೇರಳದ ಸಣ್ಣ ಸಣ್ಣ ಪಟ್ಟಣಗಳಲ್ಲಿ ಒಇಟಿ ಕೋಚಿಂಗ್ ಬೋರ್ಡುಗಳು ಮೇಲೆದ್ದದ್ದು ಆಮೇಲೆ.

● ಐಇಎಲ್‌ಟಿಎಸ್‌ನಲ್ಲಿ ಮಾತು, ಓದು, ಕೇಳುವಿಕೆ ಎಲ್ಲದರಲ್ಲೂ 7 ಬಂದು, ಬರವಣಿಗೆಯಲ್ಲಿ 6.5 ಬಂದು ಅತ್ತವರ ಲೆಕ್ಕ ಇಟ್ಟವರಿಲ್ಲ. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾ ಬರವಣಿಗೆಗೆ ಆ 6.5 ಸಾಕು ಎಂದಿತು. ಬಿಪಿ ನೋಡಿ ಚಾರ್ಟ್ ತುಂಬುವವರಿಂದ ಪ್ರಬಂಧ ಬರೆಸುವ ಹುಚ್ಚಾಟಕ್ಕೆ ಅರ್ಧ ಅಂಕದ ರಿಯಾಯಿತಿ ಸಿಕ್ಕಿತು, ಅಷ್ಟೇ.

● ಭಾರತದಲ್ಲಿ ಓದಿ ನೇರವಾಗಿ ಆಸ್ಟ್ರೇಲಿಯಾಕ್ಕೆ ಹೋಗುವವರು ಬರೆಯಬೇಕಾದ ಮೊದಲ ನರ್ಸಿಂಗ್ ಪರೀಕ್ಷೆ ಅಮೆರಿಕದ್ದು! 2020ರಿಂದ ಆಸ್ಟ್ರೇಲಿಯಾ ಅಮೆರಿಕನ್ನರ ಎನ್‌ಸಿಎಲ್‌ಇಎಕ್ಸ್ ಪರೀಕ್ಷೆಯನ್ನೇ ಬಳಸುತ್ತಿದೆ. ಬೆಂಗಳೂರಿನಲ್ಲೇ ಕೇಂದ್ರವಿದೆ. ಈ ಪರೀಕ್ಷೆಯ ಗುಣ ವಿಚಿತ್ರ. ಸರಿ ಉತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಇನ್ನೂ ಕಠಿಣ, ತಪ್ಪಿದರೆ ಸ್ವಲ್ಪ ಸುಲಭ. ಅಭ್ಯರ್ಥಿಯ ಮಟ್ಟ ಕಂಪ್ಯೂಟರಿಗೆ ಖಚಿತವಾದ ಕೂಡಲೇ ಪರದೆ ಆರಿಹೋಗುತ್ತದೆ. ಅದು 85ನೇ ಪ್ರಶ್ನೆಗೂ ಆಗಬಹುದು, 150ಕ್ಕೂ ಎಳೆಯಬಹುದು. ಪಾಸೋ ಫೇಲೋ ತಿಳಿಯದೆ ಎದ್ದು ಬರಬೇಕು.

ಅದು ಮುಗಿದರೆ ‘ಆಸ್ಕಿ’. ಇದಕ್ಕೆ ವಿಮಾನ ಹತ್ತಿ ಆಸ್ಟ್ರೇಲಿಯಾಕ್ಕೇ ಹೋಗಬೇಕು. ಒಂದೊಂದು ಕೋಣೆಯಲ್ಲಿ ಒಂದೊಂದು ಸನ್ನಿವೇಶ, ರೋಗಿಯಾಗಿ ನಟಿಸುವವರು, ಪಕ್ಕದಲ್ಲಿ ಅಂಕ ಹಾಕುವವರು. ಕೈ ತೊಳೆಯುವುದನ್ನು ಮರೆತರೆ ಅಂಕ ಹೋಗುತ್ತದೆ, ಹೆಸರು ಕೇಳದೆ ಮಾತ್ರೆ ಕೊಟ್ಟರೆ ಪರೀಕ್ಷೆಯೇ ಹೋದೀತು. ನಮ್ಮ ಜಿಲ್ಲಾಸ್ಪತ್ರೆಯ ವಾರ್ಡುಗಳಲ್ಲಿ ಹತ್ತಾರು ವರ್ಷ ದುಡಿದವರಿಗೂ ಇಲ್ಲಿ ಎಡವುವ ಭಯ ಇದ್ದೇ ಇದೆ. ರೋಗಿಗೆ ಏನು ಮಾಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಒಬ್ಬರೇ ವಾರ್ಡಿಡೀ ಓಡಾಡುವಾಗ ಹೇಳಲು ಪುರಸೊತ್ತಾದರೂ ಎಲ್ಲಿದೆ?

● ಬ್ರಿಟಿಷ್ ನರ್ಸ್‌ಗೆ ಇದಾವುದೂ ಬೇಡ. ಪರೀಕ್ಷೆ ಇಲ್ಲ, ಅದಕ್ಕೆಂದು ವಿಮಾನ ಹತ್ತುವುದಿಲ್ಲ, ದಾಖಲೆ ಕಳಿಸಿದರೆ ಸಾಕು.

● 2025ರಿಂದ ಆ ಸುಲಭದ ಬಾಗಿಲು ನಮ್ಮವರಿಗೂ ಒಂದು ಬಗೆಯಲ್ಲಿ ತೆರೆದಿದೆ. ಈ ಅಂಕಣದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಿದ್ದರೆ ಇದನ್ನು ಇಟ್ಟುಕೊಳ್ಳಿ. ಬ್ರಿಟನ್, ಐರ್ಲೆಂಡ್, ಅಮೆರಿಕ, ಸಿಂಗಪುರ, ಸ್ಪೇನ್ ಮತ್ತು ಕೆನಡಾದ ಎರಡು ಪ್ರಾಂತ್ಯಗಳು ಆಸ್ಟ್ರೇಲಿಯಾದ ದೃಷ್ಟಿಯಲ್ಲಿ ತನಗೆ ಸರಿಸಮ. ನರ್ಸ್ ಹುಟ್ಟಿದ ದೇಶ ಯಾವುದಾದರೂ ಸರಿ, ಈ ಪಟ್ಟಿಯ ದೇಶವೊಂದರ ಪರೀಕ್ಷೆ ದಾಟಿ ನೋಂದಾಯಿಸಿಕೊಂಡು 2017ರಿಂದೀಚೆಗೆ ಅಲ್ಲೇ 1,800 ಗಂಟೆ ದುಡಿದಿದ್ದರೆ ಎನ್‌ಸಿಎಲ್‌ಇಎಕ್ಸ್, ಆಸ್ಕಿ ಎರಡರಿಂದಲೂ ವಿನಾಯಿತಿ.

1,800 ಗಂಟೆ ಎಂದರೆ ಎಷ್ಟು ದಿನ? ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಪೂರ್ಣಾವಧಿ ವಾರ ಎಂದರೆ 37.5 ಗಂಟೆ. ಭಾಗಿಸಿ ನೋಡಿ, ಸರಿಯಾಗಿ 48 ವಾರ. ಅಂದರೆ ರಜೆ ಬಿಟ್ಟು ಒಂದು ವರ್ಷ. ಅದೇ 1,800 ಗಂಟೆಯನ್ನು ಮೈಸೂರಿನ ಆಸ್ಪತ್ರೆಯಲ್ಲಿ ಮಾಡಿದ್ದರೆ ಲೆಕ್ಕಕ್ಕಿಲ್ಲ. ಅದೇ ನರ್ಸ್, ಅದೇ ಕೈ, ಅದೇ ಇಂಜೆಕ್ಷನ್. ಬದಲಾದದ್ದು ವಾರ್ಡಿನ ವಿಳಾಸ ಮಾತ್ರ. ಇದರ ಫಲ ಏನಾಗುತ್ತದೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಬ್ರಿಟನ್ ಈಗ ನಮ್ಮವರಿಗೆ ಗುರಿಯಲ್ಲ, ಬಸ್ ಬದಲಾಯಿಸುವ ಸ್ಟ್ಯಾಂಡ್.

● ವೀಸಾದಲ್ಲೂ ಪಂಕ್ತಿಭೇದ ಇದೆ. 2024ರ ಜುಲೈನಿಂದ ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು 35 ವರ್ಷದವರೆಗೆ ಮೂರು ಸಲ ‘ಕೆಲಸ ಮತ್ತು ರಜೆ’ ವೀಸಾ ಪಡೆಯಬಹುದು. ಹೊಲದಲ್ಲಿ ಹಣ್ಣು ಕೀಳುವ ಷರತ್ತೂ ಈಗಿಲ್ಲ. ಭಾರತೀಯರಿಗೂ ಅಂಥದೇ ಒಂದು ವೀಸಾ 2024ರಲ್ಲಿ ಬಂತು. ವಯಸ್ಸು 30ರೊಳಗೆ, ವರ್ಷಕ್ಕೆ 1,000 ಮಂದಿಗೆ ಮಾತ್ರ, ಅದೂ ಲಾಟರಿ ಎತ್ತಿ!

● ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು? ವಿಕ್ಟೋರಿಯಾ ರಾಜ್ಯದಲ್ಲಿ ಇದಕ್ಕೆ 2015ರ ಕಾನೂನೇ ಇದೆ. ದೊಡ್ಡ ಸರ್ಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಹಗಲು ನಾಲ್ವರಿಗೆ ಒಬ್ಬರು, ಅದರ ಮೇಲೆ ಉಸ್ತುವಾರಿಗೆ ಇನ್ನೊಬ್ಬರು, ರಾತ್ರಿ ಎಂಟು ಮಂದಿಗೆ ಒಬ್ಬರು. ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ಹಿಂಬಾಲಿಸಿತು. ಇಂಗ್ಲೆಂಡಿನಲ್ಲಿ ಎಲ್ಲ ವಾರ್ಡಿಗೂ ಅನ್ವಯಿಸುವ ಇಂಥ ಕಾನೂನಿಲ್ಲ. ಬ್ರಿಟಿಷ್ ನರ್ಸ್‌ಗಳು ಹಡಗು ಹತ್ತುವುದಕ್ಕೆ ಕಡಲತೀರ, ಬಿಸಿಲು ಎಂದು ಏನೇ ಕಾರಣ ಹೇಳಿದರೂ ನನ್ನ ಮಟ್ಟಿಗೆ ಅಸಲಿ ಕಾರಣ ಇದು. ನಮ್ಮಲ್ಲೂ ಕಾಗದದ ಮೇಲೆ ನಿಯಮವಿದೆ. ಸಾಮಾನ್ಯ ವಾರ್ಡಿಗೆ ಆರು ಹಾಸಿಗೆಗೆ ಒಬ್ಬರು ಎಂಬುದು ಹಳೆಯ ಸರ್ಕಾರಿ ಲೆಕ್ಕ. ರಾತ್ರಿ ಪಾಳಿಯ ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಣಿಸಿ ನೋಡಿ.

● ಆಸ್ಟ್ರೇಲಿಯಾದ ನರ್ಸ್‌ಗಳ ಸಾಮಾನ್ಯ ವೇತನ ನಿಯಮದಂತೆ ಶನಿವಾರದ ಪಾಳಿಗೆ ಒಂದೂವರೆ ಪಟ್ಟು, ಭಾನುವಾರಕ್ಕೆ ಒಂದೂಮುಕ್ಕಾಲು ಪಟ್ಟು ಸಂಬಳ. ಅದಕ್ಕೇ ಅಲ್ಲಿ ಭಾನುವಾರದ ಡ್ಯೂಟಿಗೆ ಪೈಪೋಟಿ.

● ನಮ್ಮವರಿಗೆ ಅಲ್ಲಿ ಮೊದಲು ಸಿಗುವ ಕೆಲಸ ಎಷ್ಟೋ ಸಲ ವೃದ್ಧಾಶ್ರಮದಲ್ಲಿ. ನಮ್ಮ ವೃದ್ಧಾಶ್ರಮದ ಕಲ್ಪನೆ ಬಿಟ್ಟುಬಿಡಿ. 2023ರ ಜುಲೈನಿಂದ ಅಲ್ಲಿನ ಪ್ರತಿ ಆಶ್ರಮದಲ್ಲೂ ದಿನದ 24 ಗಂಟೆ ನೋಂದಾಯಿತ ನರ್ಸ್ ಇರಲೇಬೇಕೆಂಬ ನಿಯಮ ಬಂತು. 2024ರ ಅಕ್ಟೋಬರಿನಿಂದ ಒಬ್ಬೊಬ್ಬ ಹಿರಿಯರಿಗೂ ದಿನಕ್ಕೆ ಸರಾಸರಿ 215 ನಿಮಿಷ ಆರೈಕೆ, ಅದರಲ್ಲಿ 44 ನಿಮಿಷ ನೋಂದಾಯಿತ ನರ್ಸ್‌ನಿಂದಲೇ ಎಂದು ಗಡಿಯಾರ ಕಟ್ಟಿದರು. ತಮ್ಮ ಮನೆಯ ಅಜ್ಜ ಅಜ್ಜಿಯನ್ನು ಊರಲ್ಲಿ ಬಿಟ್ಟು ಹೋದವರು ಅಲ್ಲಿ ಇನ್ನೊಬ್ಬರ ಅಜ್ಜ ಅಜ್ಜಿಗೆ ನಿಮಿಷ ಲೆಕ್ಕದಲ್ಲಿ ಆರೈಕೆ ಮಾಡುತ್ತಾರೆ. ಇದನ್ನು ತಪ್ಪು ಎಂದು ಯಾರೂ ಹೇಳುವಂತಿಲ್ಲ, ಸಂಬಳ ಬರುವುದು ಅಲ್ಲಿಂದಲೇ.

● ಮದ್ದೂರು ಗೇಟಿನ ಹಾಗೆ ಆಸ್ಟ್ರೇಲಿಯಾದಲ್ಲೂ ಕತ್ತಲಾದ ಮೇಲೆ ಗಾಡಿ ಓಡಿಸುವುದಕ್ಕೆ ತಡೆ ಇದೆ, ಆದರೆ ತಡೆಯುವವರು ಅರಣ್ಯ ಇಲಾಖೆಯವರಲ್ಲ. ಒಳನಾಡಿನ ಹೆದ್ದಾರಿಗಳಲ್ಲಿ ಕಾಂಗರೂಗಳು ಅಡ್ಡ ಬರುತ್ತವೆ ಎಂದು ಬಾಡಿಗೆ ಕಾರಿನ ಕಂಪನಿಗಳು ಅನೇಕ ಕಡೆ ರಾತ್ರಿ ಪ್ರಯಾಣವನ್ನು ಕರಾರಿನಲ್ಲೇ ನಿಷೇಧಿಸುತ್ತವೆ. ಒಳನಾಡಿನ ಆಸ್ಪತ್ರೆಗೆ ಕೆಲಸಕ್ಕೆ ಹೋದ ಲಂಡನ್ ನರ್ಸ್ ಮೊದಲು ಕಲಿಯುವ ಪಾಠ ಇದು.

● ದಕ್ಷಿಣ ಆಸ್ಟ್ರೇಲಿಯಾದ ದೂರದ ಹಳ್ಳಿಗಳಲ್ಲಿ ನರ್ಸ್ ಒಬ್ಬಂಟಿಯಾಗಿ ರಾತ್ರಿ ಕರೆಗೆ ಹೋಗುವಂತಿಲ್ಲ. ಜೊತೆಗೆ ಇನ್ನೊಬ್ಬರಿರಲೇಬೇಕು. 2016ರಲ್ಲಿ ಕರ್ತವ್ಯದಲ್ಲಿದ್ದ ನರ್ಸ್ ಒಬ್ಬರ ಕೊಲೆಯಾದ ಮೇಲೆ, ಅವರದೇ ಹೆಸರಿನಲ್ಲಿ ‘ಗೇಲ್ ಕಾನೂನು’ ಬಂತು. ನಮ್ಮ ಕಾಡಂಚಿನ ಉಪಕೇಂದ್ರಗಳ ಎಎನ್‌ಎಂಗಳು ಆನೆ ಓಡಾಡುವ ದಾರಿಯಲ್ಲಿ ಹಾಡಿಗಳಿಗೆ ಲಸಿಕೆ ಹೊತ್ತು ಹೋಗುತ್ತಾರೆ. ಅವರ ಹೆಸರಿನ ಕಾನೂನು ಇಲ್ಲ. ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ 3,000 ಜನಕ್ಕೊಂದು ಉಪಕೇಂದ್ರ ಎಂಬ ನಿಯಮ ಮಾತ್ರ ಇದೆ.

● ಬೆಂಗಳೂರಿನಿಂದ ಸಿಡ್ನಿಗೆ ನೇರ ವಿಮಾನ ಶುರುವಾದದ್ದು 2022ರ ಸೆಪ್ಟೆಂಬರಿನಲ್ಲಿ. ಸಿಡ್ನಿಗೂ ನಮಗೂ ಗಡಿಯಾರದಲ್ಲಿ ನಾಲ್ಕೂವರೆ ಗಂಟೆ ಅಂತರ, ಅಲ್ಲಿನ ಬೇಸಿಗೆಯಲ್ಲಿ ಐದೂವರೆ. ಅಡಿಲೇಡ್ ಜೊತೆ ಮಾತ್ರ ಅರ್ಧದ ಕಾಟವಿಲ್ಲ. ಅವರದೂ ನಮ್ಮ ಹಾಗೆ ಅರ್ಧ ಗಂಟೆಯ ಗಡಿಯಾರ, ಹಾಗಾಗಿ ಸರಿಯಾಗಿ ನಾಲ್ಕು ಗಂಟೆ, ಬೇಸಿಗೆಯಲ್ಲಿ ಐದು.

● ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ ಕನಿಷ್ಠ ಎಷ್ಟು ಸಂಬಳ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. 2016ರಲ್ಲಿ ಕೇಂದ್ರದ ಸಮಿತಿ ಹೇಳಿದ್ದು: 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸ್‌ಗೆ ಸಮ ಕೊಡಬೇಕು. ಜಾರಿ ಮಾಡುವ ಹೊಣೆ ರಾಜ್ಯಗಳದು. ಪಾಸ್‌ಪೋರ್ಟ್ ಕಚೇರಿಯ ಸಾಲು ಏಕೆ ಉದ್ದವಾಗಿದೆ ಎಂದು ಕೇಳುವವರು ಮೊದಲು ತಮ್ಮೂರಿನ ನರ್ಸಿಂಗ್ ಹೋಮಿನ ಸಂಬಳದ ಚೀಟಿ ನೋಡಲಿ.

● ಕಾಲೇಜು ಸೇರುವ ಮುನ್ನವೂ ಒಂದು ಎಚ್ಚರಿಕೆ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಬೇಕೋ, ರಾಜ್ಯ ಪರಿಷತ್ತು ಮತ್ತು ರಾಜೀವ್ ಗಾಂಧಿ ಆರೋಗ್ಯ ವಿವಿ ಒಪ್ಪಿದರೆ ಸಾಕೋ ಎಂಬ ಜಗಳ 2017ರಲ್ಲಿ ಕೋರ್ಟು ಮೆಟ್ಟಿಲೇರಿ ದೊಡ್ಡ ಸುದ್ದಿಯಾಯಿತು. ಬ್ಯಾಂಕ್ ಸಾಲಕ್ಕೂ ಹೊರರಾಜ್ಯದ ನೌಕರಿಗೂ ಅಡ್ಡಿಯಾದೀತೆಂದು ಗಾಬರಿಯಾದವರಲ್ಲಿ ಹೆಚ್ಚಿನವರು ಮದ್ದೂರು ಗೇಟು ದಾಟಿ ಬಂದ ಮಕ್ಕಳೇ.

● ಜಗತ್ತಿನಲ್ಲಿ ನರ್ಸ್‌ಗಳು ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯಂತೆ ಸುಮಾರು 2.98 ಕೋಟಿ. ಕೊರತೆ 58 ಲಕ್ಷ. ಏಳು ನರ್ಸ್‌ಗಳಲ್ಲಿ ಒಬ್ಬರು ತಾವು ಹುಟ್ಟಿದ ದೇಶದಲ್ಲಿಲ್ಲ.

● ನರ್ಸ್‌ಗಳೇ ಸಾಲದ 55 ದೇಶಗಳಿಂದ ಸಿರಿವಂತ ದೇಶಗಳು ಎಗ್ಗಿಲ್ಲದೆ ನೇಮಕ ಮಾಡಿಕೊಳ್ಳಬಾರದು ಎಂದು ಅದೇ ಸಂಸ್ಥೆ 2023ರಲ್ಲಿ ಪಟ್ಟಿ ಮಾಡಿತು. ಘಾನಾ, ನೈಜೀರಿಯಾ, ಜಿಂಬಾಬ್ವೆ ಅದರಲ್ಲಿವೆ, ಭಾರತ ಇಲ್ಲ. ಬ್ರಿಟನ್ ಹಿಂದೆ ತನ್ನದೇ ಪಟ್ಟಿಯಲ್ಲಿ ಭಾರತದ ನಾಲ್ಕು ರಾಜ್ಯಗಳಿಂದ ನೇಮಕ ಬೇಡ ಎಂದಿತ್ತು: ಆಂಧ್ರಪ್ರದೇಶ, ಮಧ್ಯಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳ. ಕರ್ನಾಟಕವೂ ಕೇರಳವೂ ಅದರಲ್ಲಿರಲಿಲ್ಲ.

ಸರಪಳಿ ಹೀಗಿದೆ. ಲಂಡನ್ನಿನ ನರ್ಸ್ ಪರ್ತ್‌ಗೆ, ಬೆಂಗಳೂರಿನವರು ಲಂಡನ್ನಿಗೆ, ಮೈಸೂರಿನವರು ಬೆಂಗಳೂರಿಗೆ, ಗುಂಡ್ಲುಪೇಟೆಯವರು ಮೈಸೂರಿಗೆ. ಕೊನೆಯ ಕೊಂಡಿಯ ಖಾಲಿ ಕುರ್ಚಿಗೆ ಬರಲು ಅದರ ಹಿಂದೆ ಯಾರೂ ಇಲ್ಲ.

● ಆ ಕೊನೆಯ ಕೊಂಡಿಗೆ ನಮ್ಮ ಜಿಲ್ಲೆಯಲ್ಲೇ ಒಂದು ಉತ್ತರ ಹುಟ್ಟಿದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಹೆಣ್ಣುಮಕ್ಕಳಿಗೇ ಎಎನ್‌ಎಂ ತರಬೇತಿ ಕೊಟ್ಟಿತು. ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಹುಟ್ಟಿದವರಿಗೆ ಪೋಡಿನ ದಾರಿ ಹೊಸದಲ್ಲ, ಭಾಷೆ ಹೊಸದಲ್ಲ, ವರ್ಗಾವಣೆಗೆ ಅರ್ಜಿ ಹಿಡಿದು ಓಡಾಡುವ ತವಕವೂ ಕಡಿಮೆ. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಆದರೆ ಈ ಪುಟ್ಟ ಉಪಾಯವನ್ನು ಮಿಕ್ಕ ಜಿಲ್ಲೆಗಳು ಮನಸ್ಸಿಟ್ಟು ನಕಲು ಮಾಡಲಿಲ್ಲ ಎಂಬುದು ನನ್ನ ಅನಿಸಿಕೆ.

● ನರ್ಸ್‌ಗಳು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಹೋಗುವುದಿದ್ದರೆ 2015ರಿಂದ ವಲಸೆ ಅನುಮತಿ ಕಡ್ಡಾಯ. ಆಸ್ಟ್ರೇಲಿಯಾ, ಬ್ರಿಟನ್ ಆ ಪಟ್ಟಿಯಲ್ಲಿಲ್ಲ. ಅಂದರೆ ಅಲ್ಲಿಗೆ ಹೋಗುವವರ ಕಾಗದಪತ್ರವನ್ನು ಸರ್ಕಾರ ಆ ಮಟ್ಟಿಗೆ ನೋಡುವುದಿಲ್ಲ, ನೀವೇ ನೋಡಿಕೊಳ್ಳಬೇಕು.

● ಕೊನೆಯದು, ಮನೆಯಲ್ಲಿ ನರ್ಸಿಂಗ್ ಓದುವವರಿದ್ದರೆ ಕತ್ತರಿಸಿ ಇಟ್ಟುಕೊಳ್ಳಿ. ವಿದೇಶಿ ನೌಕರಿ ಕೊಡಿಸುವ ಏಜೆಂಟ್ ಕೇಂದ್ರ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ಅವರು ತಮ್ಮ ಸೇವೆಗೆ ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. ನಾಲ್ಕು ಲಕ್ಷ, ಆರು ಲಕ್ಷ ಕೇಳಿದರೆ ಜಮೀನು ಅಡವಿಡಲು ಓಡಬೇಡಿ. ಮೊದಲು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಅವರ ಲೈಸೆನ್ಸ್ ಸಂಖ್ಯೆ ಹಾಕಿ ನೋಡಿ. ಹೆಸರು ಅಲ್ಲಿಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.